ಹೆರಿಗೆ ಮನೆಯಲ್ಲೇ ಅಂದ ಮೇಲೆ

"ಹೆರಿಗೆ ಎಲ್ಲಿ ಅಂದ್ಕೊಂಡಿದ್ದೀರಿ? ಮನೆಯಲ್ಲೋ, ಆಸ್ಪತ್ರೆಯಲ್ಲೋ?"

ಸೂಲಗಿತ್ತಿ ಹೀಗೆ ಕೇಳಿದಾಗ ನನಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ, ಬೆಳಗಿನ ವಾಂತಿ ನಿಂತಿರಲಿಲ್ಲ. ಮನೆತನದಲ್ಲಿ ಸಕ್ಕರೆ ಕಾಯಿಲೆ ಇದೆಯಾ, ಸಿಗರೇಟು ಸೇದ್ತೀರಾ, ಮೊದಲನೇ ಮಗು ಎಷ್ಟು ತೂಕ ಇತ್ತು ಅನ್ನುವ ಪ್ರಶ್ನೆಗಳ ಸಾಲಿನಲ್ಲಿ ಅದೂ ಒಂದು. ನಾನೂ ಇವರೂ ಮುಖ ಮುಖ ನೋಡಿಕೊಂಡೆವು. ಈಗಲೇ ಹೇಳಬೇಕಾಗಿಲ್ಲ, ನೋವು ಶುರುವಾದ ಮೇಲೂ ಮನಸ್ಸು ಬದಲಾಯಿಸಬಹುದು ಅಂದು ಆಕೆ ಮುಂದಿನ ಪ್ರಶ್ನೆಗೆ ಹೋದಳು.

ನಾವಿರುವುದು ನೆದರ್‌ಲ್ಯಾಂಡ್ಸಿನ ವೆಲ್ಡ್‌ಹೋವನ್‌ನಲ್ಲಿ, ಐಂಡ್‌ಹೋವನ್ ಪಕ್ಕದ ಊರು. ಇವರಂಥ ಎಂಜಿನಿಯರುಗಳು ಚಿಪ್ ಯಂತ್ರದ ಕೆಲಸಕ್ಕೆ ಬಂದು ಬಂದು ಈಗ ಇಲ್ಲಿ ತರಕಾರಿ ಅಂಗಡಿಯಲ್ಲಿ ನಿಂತರೆ ಕನ್ನಡ ಕಿವಿಗೆ ಬೀಳುತ್ತದೆ. ಮಗಳು ಹುಟ್ಟಿದ್ದು ಶಿವಮೊಗ್ಗದಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಅನ್ನುವ ಪದ್ಧತಿಯಂತೆ ಏಳನೇ ತಿಂಗಳಿಗೇ ಊರಿಗೆ ಹೋಗಿದ್ದೆ. ಎರಡನೆಯದು ಇಲ್ಲಿ.

ಇಲ್ಲಿ ಬಸುರಿ ಎಂದು ಗೊತ್ತಾದ ತಕ್ಷಣ ಯಾರೂ ನಿಮ್ಮನ್ನು ಗೈನಕಾಲಜಿಸ್ಟ್ ಹತ್ತಿರ ಕಳಿಸುವುದಿಲ್ಲ. ತಾಯಿ ಆರೋಗ್ಯವಾಗಿದ್ದರೆ ಒಂಬತ್ತು ತಿಂಗಳೂ ಸೂಲಗಿತ್ತಿಯರದ್ದೇ ಕಾರುಬಾರು. ನಾಲ್ಕು ವರ್ಷದ ಪದವಿ ಓದಿದವರು. ನಾಲ್ಕೈದು ಜನ ಸೇರಿ ಒಂದು ಕ್ಲಿನಿಕ್ ನಡೆಸುತ್ತಾರೆ, ಸರದಿಯಲ್ಲಿ ಹಗಲೂ ರಾತ್ರಿ ಫೋನ್ ಎತ್ತುತ್ತಾರೆ. ಯಾವ ತೊಂದರೆ ಕಂಡರೆ ಡಾಕ್ಟರಿಗೆ ಒಪ್ಪಿಸಬೇಕು ಅನ್ನುವುದಕ್ಕೆ ದೇಶಕ್ಕೆಲ್ಲ ಒಂದು ಪಟ್ಟಿ ಇದೆ: ಹಿಂದೆ ಸಿಸೇರಿಯನ್ ಆಗಿದ್ದರೆ, ಅವಳಿ ಇದ್ದರೆ, ಬಿಪಿ ಏರಿದರೆ, ಕೊನೆಯ ತಿಂಗಳಲ್ಲೂ ಮಗುವಿನ ತಲೆ ಕೆಳಗೆ ಬಾರದಿದ್ದರೆ, ಹೀಗೆ. ಆ ಪಟ್ಟಿಯಲ್ಲಿ ನೀವು ಬರದಿದ್ದರೆ ಮನೆಯಲ್ಲಿ ಹೆರಬಹುದು, ಹೆರಿಗೆಯ ಖರ್ಚು ವಿಮೆಯದ್ದು. ಕಾರಣವಿಲ್ಲದೆ ಆಸ್ಪತ್ರೆಯೇ ಬೇಕು ಅಂದರೆ ಬೇಡ ಅನ್ನುವುದಿಲ್ಲ, ಆದರೆ ಕೆಲವು ನೂರು ಯೂರೋ ಕೈಯಿಂದ ಹಾಕಬೇಕು. ನಮ್ಮೂರಿನ ಲೆಕ್ಕ ಇಲ್ಲಿ ತಿರುಗುಮುರುಗು.

ಹಾಗಂತ ಡಚ್ಚರೆಲ್ಲ ಮನೆಯಲ್ಲೇ ಹೆರುತ್ತಾರೆ ಅನ್ನುವುದು ಹಳೇ ಮಾತು. 1960ರ ದಶಕದಲ್ಲಿ ಇಲ್ಲಿ ಹುಟ್ಟಿದ ಮೂರು ಮಕ್ಕಳಲ್ಲಿ ಎರಡು ಮನೆಯಲ್ಲೇ ಹುಟ್ಟುತ್ತಿದ್ದವು. ಈಗ ಏಳರಲ್ಲಿ ಒಂದರ ಆಸುಪಾಸು. ಎಪಿಡ್ಯೂರಲ್, ಅಂದರೆ ನೋವು ಮರೆಸಲು ಬೆನ್ನಿಗೆ ಕೊಡುವ ಮದ್ದು, ಬೇಕು ಅನ್ನುವವರು ಹೆಚ್ಚಾಗಿದ್ದಾರೆ, ಅದು ಮನೆಯಲ್ಲಿ ಸಿಗುವುದಿಲ್ಲ.

ನನಗೆ ಮನೆ ಅನ್ನಿಸಿದ್ದಕ್ಕೆ ದೊಡ್ಡ ತತ್ವವೇನೂ ಇರಲಿಲ್ಲ. ಮೊದಲನೇ ಹೆರಿಗೆ ಸಹಜವಾಗಿಯೇ ಆಗಿತ್ತು, ಆದರೆ ಟ್ಯೂಬ್‌ಲೈಟ್ ಕೆಳಗೆ, ಕಾಲು ಕಟ್ಟಿಸಿಕೊಂಡು, "ಯಾಕಮ್ಮ ಹೀಗೆ ಕಿರುಚ್ತೀಯ" ಅನ್ನಿಸಿಕೊಂಡು. ಇವರನ್ನು ಒಳಗೆ ಬಿಟ್ಟಿರಲಿಲ್ಲ. ಮಗು ಹುಟ್ಟಿದೆ ಎಂದು ಇವರಿಗೆ ಹೇಳಿದ್ದು ಆಯಾ, ಸಿಹಿಗೆ ದುಡ್ಡು ಕೇಳುತ್ತಾ. ಎರಡನೆಯದಕ್ಕೆ ಗಂಡ ಪಕ್ಕದಲ್ಲಿರಲಿ, ಮಗಳು ಅದೇ ಸೂರಿನಡಿ ಇರಲಿ, ನನ್ನ ಬಚ್ಚಲಿನಲ್ಲಿ ನಾನು ಬಿಸಿನೀರು ಹೊಯ್ದುಕೊಳ್ಳುವಂತಿರಲಿ ಅನ್ನಿಸಿತ್ತು, ಅಷ್ಟೇ.

ಇವರಿಗೆ ಅಂಕಿಸಂಖ್ಯೆ ಕಾಣದೆ ಸಮಾಧಾನವಿಲ್ಲ. ಎರಡು ಅಧ್ಯಯನ ಹುಡುಕಿ ತಂದರು. ಒಂದು 2009ರ ಡಚ್ ಅಧ್ಯಯನ, ಸುಮಾರು 5,30,000 ಕಡಿಮೆ ಅಪಾಯದ ಹೆರಿಗೆಗಳ ದಾಖಲೆ ನೋಡಿದ್ದು. ಮನೆಯಲ್ಲಿ ಹೆರಬೇಕೆಂದು ಹೊರಟವರಿಗೂ ಆಸ್ಪತ್ರೆ ಅಂದುಕೊಂಡವರಿಗೂ ಮಗುವಿನ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ ಅದರಲ್ಲಿ. ಇನ್ನೊಂದು 2011ರಲ್ಲಿ ಬಂದ ಇಂಗ್ಲೆಂಡಿನದ್ದು. ಅದು ನಡುವೆ ಒಂದು ಗೆರೆ ಎಳೆದಿತ್ತು: ಎರಡನೇ, ಮೂರನೇ ಹೆರಿಗೆಗೆ ಎಲ್ಲಾದರೂ ಒಂದೇ, ಚೊಚ್ಚಲಿಗೆ ಹಾಗಲ್ಲ. ಚೊಚ್ಚಲಿನಲ್ಲಿ ಮನೆ ಆರಿಸಿಕೊಂಡ ಸಾವಿರದಲ್ಲಿ ಒಂಬತ್ತು ಮಕ್ಕಳಿಗೆ ಗಂಭೀರ ತೊಂದರೆಯಾಗಿತ್ತು, ಆಸ್ಪತ್ರೆ ಆರಿಸಿಕೊಂಡವರಲ್ಲಿ ಐದಕ್ಕೆ. ಅದೂ ಅಲ್ಲದೆ ಮನೆಯಲ್ಲಿ ಶುರುಮಾಡಿದ ಚೊಚ್ಚಲು ತಾಯಂದಿರಲ್ಲಿ ನೂರಕ್ಕೆ 45 ಜನರನ್ನು ಕೊನೆಗೆ ಆಸ್ಪತ್ರೆಗೆ ಸಾಗಿಸಿದ್ದರು. ಒಮ್ಮೆ ಹೆತ್ತವರಲ್ಲಿ ಅದು 12.

ನಾನು ಉಳಿದ 88 ನೋಡಿದೆ. ಇವರು ಆ ಹನ್ನೆರಡನ್ನೇ ಹಿಡಿದುಕೊಂಡು ಕೂತರು. ಆಮೇಲಿನ ತಿಂಗಳುಗಳಲ್ಲಿ ನಾವು ಮಾಡಿದ ತಯಾರಿಯಲ್ಲಿ ಮುಕ್ಕಾಲು ಪಾಲು, ಮನೆಯಿಂದ ಹೇಗೆ ಬೇಗ ಹೊರಗೆ ಹೋಗುವುದು ಅನ್ನುವುದರದ್ದೇ.

ಅಮ್ಮನಿಗೆ ಹೇಳಿದ್ದು ಐದು ತಿಂಗಳು ಕಳೆದ ಮೇಲೆ.

"ಎಂಥ ಗ್ರಹಚಾರ ಮಾರಾಯ್ತಿ! ಅಷ್ಟು ದೂರ ಫಾರಿನ್ನಿಗೆ ಹೋಗಿ ಮನೇಲಿ ಹೆರೋದಾ? ನಿಮ್ಮಲ್ಲಿ ಆಸ್ಪತ್ರೆಗೆ ಬರಗಾಲವಾ?"

ಅಮ್ಮ ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಹಳ್ಳಿಮನೆಯಲ್ಲಿ, ಸೂಲಗಿತ್ತಿ ಕೈಯಲ್ಲಿ. ಅದೇ ಮನೆಯಲ್ಲಿ, ಅಮ್ಮನಿಗೆ ಬುದ್ಧಿ ತಿಳಿಯುವ ಹೊತ್ತಿಗೆ, ಅವಳ ಚಿಕ್ಕಮ್ಮ ತೀರಿಕೊಂಡಿದ್ದು. ಆಷಾಢದ ಮಳೆ. ಮಗು ಹುಟ್ಟಿತು, ಅತ್ತಿತು, ಆದರೆ ತಾಯಿಗೆ ರಕ್ತ ನಿಲ್ಲಲಿಲ್ಲ. ಕಂಬಳಿ ಜೋಲಿ ಕಟ್ಟಿ ಹೊಳೆಯವರೆಗೆ ಹೊತ್ತುಕೊಂಡು ಹೋದರಂತೆ. ತುಂಗೆ ತುಂಬಿತ್ತು, ದೋಣಿ ಬಿಟ್ಟಿರಲಿಲ್ಲ. ಈ ಕತೆಯನ್ನು ಅಮ್ಮ ಅದುವರೆಗೆ ನನ್ನ ಹತ್ತಿರ ಹೇಳಿದವಳೇ ಅಲ್ಲ. ಸಾಲದ್ದಕ್ಕೆ ಅತ್ತಿಗೆ, 2018ರಲ್ಲಿ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿಕೊಂಡು ಹೆರಿಗೆಗೆ ಇಳಿದು ತಾಯಿ ಸತ್ತ ಸುದ್ದಿಯನ್ನು ವಾಟ್ಸಾಪಿನಲ್ಲಿ ಕಳಿಸಿದಳು, ಕೈಮುಗಿದ ಚಿತ್ರದ ಜೊತೆ.

ಇದನ್ನೆಲ್ಲ ಹಳೇಕಾಲದ ಹೆದರಿಕೆ ಎಂದು ತಳ್ಳಿಹಾಕುವ ಹಾಗಿರಲಿಲ್ಲ. ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತವೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂಥ ಚಿಕ್ಕಮ್ಮಂದಿರನ್ನು ಹೊತ್ತು ನೋಡಿದ ಮನೆಗಳು ಆಸ್ಪತ್ರೆ ಕಡೆ ಮುಖ ಮಾಡಿದ್ದರಲ್ಲಿ ಆಶ್ಚರ್ಯವೇನಿದೆ? ಪಾವಗಡದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಕೈಗುಣಕ್ಕೆ ಕೈ ಮುಗಿಯಬೇಕು. ಆದರೆ ಕೈ ಮೀರಿದ ರಾತ್ರಿ ಕರೆಯುವುದಕ್ಕೆ ಅಂಥವರ ಬೆನ್ನ ಹಿಂದೆ ಯಾರಿದ್ದರು? ಅಮ್ಮನಿಗೆ ನಾನು ವಿವರಿಸಲು ನೋಡಿದ್ದೂ ಇದನ್ನೇ: ಇಲ್ಲಿ ಸೂಲಗಿತ್ತಿಯ ಹಿಂದೆ ಆಂಬುಲೆನ್ಸ್ ಇದೆ, ಅದರ ಹಿಂದೆ ಆಪರೇಷನ್ ಥಿಯೇಟರ್ ಇದೆ, ರಕ್ತ ಇದೆ. ಅಮ್ಮ ಒಪ್ಪಲಿಲ್ಲ. "ನಾನು ಬರ್ತೀನಿ, ಬಂದ ಮೇಲೆ ನೋಡೋಣ" ಅಂದಳು.

ನಡುವೆ ಒಂದು ಗಲಾಟೆ. ರಕ್ತಪರೀಕ್ಷೆಯ ಕಾಗದದ ಫೋಟೋ ಕಳಿಸಿದ್ದೆ. ಮರುನಿಮಿಷ ಫೋನ್: "ಹಿಮೋಗ್ಲೋಬಿನ್ ಏಳಾ! ರಕ್ತ ಏರಿಸ್ಬೇಕು ಕಣೇ, ಅವರಿಗೇನು ತಲೆ ಸರಿ ಇಲ್ವಾ?" ಇಲ್ಲಿ ಅಳೆಯುವುದು ಗ್ರಾಂ ಲೆಕ್ಕದಲ್ಲಲ್ಲ, ಮಿಲಿಮೋಲ್ ಲೆಕ್ಕದಲ್ಲಿ. 7.1 ಅಂದರೆ ನಮ್ಮ ಲೆಕ್ಕದಲ್ಲಿ 11.4. ಅದನ್ನು 1.6ರಿಂದ ಗುಣಿಸಬೇಕು ಎಂದು ತಿಳಿಸಿಕೊಡುವಷ್ಟರಲ್ಲಿ ಶಿವಮೊಗ್ಗದ ಅರ್ಧ ನೆಂಟರಿಗೆ ನನಗೆ ರಕ್ತವಿಲ್ಲ ಎಂದು ಗೊತ್ತಾಗಿತ್ತು. ದಕ್ಷಿಣ ಏಷ್ಯಾದವರಿಗೆ ಬಸುರಿನಲ್ಲಿ ಸಕ್ಕರೆ ಕಾಣಿಸಿಕೊಳ್ಳುವುದು ಹೆಚ್ಚು ಎಂದು ಆರನೇ ತಿಂಗಳಲ್ಲಿ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಿದರು. ಅದು ಬಂದಿದ್ದರೆ, ಪಥ್ಯಕ್ಕೆ ಬಗ್ಗದಿದ್ದರೆ, ಮನೆಯ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಬರಲಿಲ್ಲ.

ಎಂಟನೇ ತಿಂಗಳಲ್ಲಿ ಸೂಲಗಿತ್ತಿ ಮನೆ ನೋಡಲು ಬಂದಳು. ಗೋಡೆ ಬಣ್ಣ, ತೊಟ್ಟಿಲು, ಪುಟ್ಟ ಬಟ್ಟೆ ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. ಮೊದಲು ಮಂಚದ ಎತ್ತರ ಅಳೆದಳು. ನೆಲದಿಂದ ಹಾಸಿಗೆಯ ಮೇಲ್ಭಾಗಕ್ಕೆ 70ರಿಂದ 80 ಸೆಂಟಿಮೀಟರ್ ಇರಬೇಕು. ನಮ್ಮದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇದು ನನ್ನ ಅನುಕೂಲಕ್ಕಲ್ಲ, ಆಕೆಯ ಬೆನ್ನಿಗೆ; ಬಾಣಂತನಕ್ಕೆ ಮನೆಗೇ ಬರುವ ದಾದಿಯ ಬೆನ್ನಿಗೆ. ಮಂಚ ತಗ್ಗಿದ್ದರೆ ಅವರು ಕೆಲಸ ಮಾಡುವುದಿಲ್ಲ ಎಂದು ಹೇಳುವ ಹಕ್ಕೂ ಅವರಿಗಿದೆ. ಮಂಚದ ಕಾಲ ಕೆಳಗಿಡುವ ಗಟ್ಟಿ ದಿಮ್ಮಿಗಳು ಬಾಡಿಗೆಗೆ ಸಿಗುತ್ತವೆ, ಕ್ಲಾಸನ್ ಅನ್ನುತ್ತಾರೆ. ಅವು ಬಂದ ಮೇಲೆ ತುಂಬು ಬಸುರಿ ನಾನು ಮಗಳ ಸ್ಟೂಲು ಹತ್ತಿ ಹಾಸಿಗೆ ಸೇರಬೇಕಾಯಿತು. ಮಗಳು ಮಂಚದ ಕೆಳಗೆ ಹೊಸ ಮನೆ ಹೂಡಿದಳು, ಗೊಂಬೆ, ತಟ್ಟೆ, ಲೋಟ ಸಮೇತ.

ಆಮೇಲೆ ಮೆಟ್ಟಿಲು. ಡಚ್ ಮನೆಯ ಮೆಟ್ಟಿಲು ನೋಡದವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ಎರಡು ಗೋಡೆಗಳ ನಡುವೆ ಒಬ್ಬರು ಹೋಗುವಷ್ಟೇ ಜಾಗ. ಮೇಲೆ ಹೋಗುತ್ತಾ ತಿರುವು, ತಿರುವಿನಲ್ಲಿ ಒಳಅಂಚು ಬೆರಳಗಲಕ್ಕೆ ಬಂದು ಬಿಡುತ್ತದೆ. ಇಳಿಯುವಾಗ ಪಾದದ ಅರ್ಧ ಗಾಳಿಯಲ್ಲಿ. ಸೋಫಾ, ಬೀರು ಏನಿದ್ದರೂ ಕಿಟಕಿಯಿಂದಲೇ ಒಳಗೆ ತರುವ ದೇಶ ಇದು. ಸೂಲಗಿತ್ತಿ ಮೇಲಿನ ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡಿ, "ಇಲ್ಲಿ ನಿಮ್ಮನ್ನು ಮಲಗಿಸಿಕೊಂಡು ಇಳಿಸಲು ಆಗೋದಿಲ್ಲ. ಕೂರಿಸಿ ಇಳಿಸಬಹುದು. ಕೂರಲೂ ಆಗದ ಸ್ಥಿತಿ ಬಂದರೆ ಅಗ್ನಿಶಾಮಕದವರು ಕಿಟಕಿಯಿಂದ ಇಳಿಸುತ್ತಾರೆ" ಅಂದಳು, ಪೋಸ್ಟ್ ಎಲ್ಲಿ ಹಾಕುತ್ತಾರೆ ಎಂದು ಹೇಳುವ ದನಿಯಲ್ಲಿ. ಇವರ ಮುಖ ನೋಡುವ ಹಾಗಿತ್ತು.

ಹಾಗಾದರೆ ಮಂಚವನ್ನು ಕೆಳಗಿನ ಹಜಾರಕ್ಕೇ ತರೋಣವೇ? ಬಾಗಿಲ ಪಕ್ಕ, ಹತ್ತು ಹೆಜ್ಜೆಗೆ ರಸ್ತೆ. ಆದರೆ ಸ್ನಾನದ ಮನೆ ಮೇಲೆ. ನೋವಿಗೆ ಮನೆಯಲ್ಲಿ ಸಿಗುವ ಮದ್ದು ಅಂದರೆ ಬಿಸಿನೀರು, ಓಡಾಟ, ಸೊಂಟ ಒತ್ತುವ ಕೈ, ಇಷ್ಟೇ. ಬಿಸಿನೀರನ್ನು ಬಿಟ್ಟುಕೊಡುವುದು ಬೇಡ ಅನ್ನಿಸಿತು. ಮಂಚ ಮೇಲೆಯೇ ಉಳಿಯಿತು, ಮೆಟ್ಟಿಲು ಖಾಲಿಯಾಯಿತು. ಕೋಟು ನೇತುಹಾಕುವ ಗೂಟ, ಚಪ್ಪಲಿ ಗೂಡು, ಮಗಳು ಬೀಳದಿರಲೆಂದು ಹಾಕಿದ್ದ ಪುಟ್ಟ ಗೇಟು, ಗೋಡೆಯ ಮೇಲಿನ ಹಂಪಿ ಕಲ್ಲಿನ ರಥದ ಫೋಟೋ, ಎಲ್ಲವನ್ನೂ ಇವರು ಬಿಚ್ಚಿ ತೆಗೆದರು. ಹೊರಗೆ ಮನೆ ನಂಬರಿನ ಮೇಲೆ ಹಬ್ಬಿದ್ದ ಬಳ್ಳಿ ಕತ್ತರಿಸಿ ಅದರ ಮೇಲೊಂದು ದೀಪ ಹಾಕಿದರು. ತುರ್ತು ಕರೆಗೆ ಆಂಬುಲೆನ್ಸ್ 15 ನಿಮಿಷದೊಳಗೆ ಬರಬೇಕೆಂಬುದು ಇಲ್ಲಿನ ಗುರಿ. ಬಂದವರು ನಂಬರ್ ಕಾಣದೆ ಬೀದಿ ಸುತ್ತಬಾರದಲ್ಲ! ಆಸ್ಪತ್ರೆಗೆ ಬೆಳಿಗ್ಗೆ ಎಷ್ಟು ಹೊತ್ತು, ಸಂಜೆ ಎಷ್ಟು ಹೊತ್ತು ಎಂದು ಕಾರು ಓಡಿಸಿ ನೋಡಿಕೊಂಡು ಬಂದರು. ಆಸ್ಪತ್ರೆಯ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟರು. ಮನೆಯಲ್ಲಿ ಹೆರುವವಳಿಗೆ ಆಸ್ಪತ್ರೆಯ ಚೀಲ ಯಾಕೆ ಎಂದು ನಾನು ಕೇಳಲಿಲ್ಲ. ಸೂಲಗಿತ್ತಿಯ ಪಟ್ಟಿಯಲ್ಲೇ ಅದು ಮೊದಲಿತ್ತು.

ಪಟ್ಟಿಯ ಉಳಿದ ಭಾಗ ಸಲೀಸು. ವಿಮೆ ಕಂಪನಿ ಒಂದು ದೊಡ್ಡ ಪೆಟ್ಟಿಗೆ ಕಳಿಸುತ್ತದೆ: ಹೀರಿಕೊಳ್ಳುವ ಹಾಸು, ದಪ್ಪ ಪ್ಯಾಡು, ಗಾಜ್, ಹೊಕ್ಕುಳ ಬಳ್ಳಿಗೆ ಹಾಕುವ ಕ್ಲಿಪ್ಪು, ಆಲ್ಕೊಹಾಲ್ ಬಾಟಲಿ, ಹಾಸಿಗೆ ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಹೊದಿಕೆ. ನಾವು ಸೇರಿಸಬೇಕಾದ್ದು ಎರಡು ಬಕೆಟ್, ಪ್ರಖರವಾದ ಒಂದು ದೀಪ, ಥರ್ಮಾಮೀಟರ್, ಮತ್ತೆ ಅಡುಗೆಮನೆಯ ತಕ್ಕಡಿ. ತಕ್ಕಡಿ ಯಾಕೆ ಎಂದು ಆಗ ತಲೆಗೆ ಹೋಗಲಿಲ್ಲ. ಮಗುವನ್ನು ತೂಗಲು ಇರಬೇಕು ಅಂದುಕೊಂಡೆವು.

ನನಗೆ ಇಷ್ಟವಾದದ್ದು ಬಿಸಿನೀರಿನ ಡಬ್ಬಿ. ಲೋಹದ್ದು, ಎರಡು ಬೇಕು. ಕುದಿಯುವ ನೀರು ತುಂಬಿ, ಬಿರಡೆ ಬಿಗಿದು, ಹಳೆ ಪತ್ರಿಕೆಯ ಮೇಲೆ ತಲೆಕೆಳಗಾಗಿ ಇಟ್ಟು, ಒಂದು ಹನಿಯೂ ಸೋರುವುದಿಲ್ಲ ಎಂದು ಮೊದಲೇ ಪರೀಕ್ಷಿಸಬೇಕು. ಆಮೇಲೆ ದಪ್ಪ ಬಟ್ಟೆಯ ಕವಚ ತೊಡಿಸಿ ತೊಟ್ಟಿಲಲ್ಲಿ ಇಡುವುದು, ಮಗುವಿಗೆ ತಾಗದಂತೆ, ಒಂದು ಗೇಣು ದೂರದಲ್ಲಿ. ಅಮ್ಮ ಬಂದಿಳಿದ ಮರುದಿನ ಇದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ನನ್ನನ್ನು ಹೆತ್ತಾಗ ಅವಳ ಮಂಚದ ಪಕ್ಕ ಅಗ್ಗಿಷ್ಟಿಕೆ ಇಟ್ಟಿದ್ದರಂತೆ. "ಇದು ಸರಿ" ಅಂದಳು. ಮನೆ ಹೆರಿಗೆಯ ವಿಷಯದಲ್ಲಿ ಅವಳ ಬಾಯಿಂದ ಬಂದ ಮೊದಲ ಒಳ್ಳೆ ಮಾತು. ಆ ಡಬ್ಬಿಗಳಿಗೆ ತನ್ನ ಹಳೇ ಹತ್ತಿ ಸೀರೆ ಮಡಿಕೆ ಹಾಕಿ ತಾನೇ ಕವಚ ಹೊಲಿದಳು.

ಅಮ್ಮ ಬರುವ ದಿನ ಗೊತ್ತು ಮಾಡುವುದೇ ಒಂದು ಲೆಕ್ಕಾಚಾರವಾಗಿತ್ತು. ಷೆಂಗೆನ್ ವೀಸಾಕ್ಕೆ 90 ದಿನ. ಅಮ್ಮನ ಪ್ರಕಾರ ಬಾಣಂತನಕ್ಕೂ ಮೂರು ತಿಂಗಳು. ಬೇಗ ಬಂದರೆ ಬಾಣಂತನ ಅರ್ಧಕ್ಕೆ ನಿಲ್ಲುತ್ತದೆ, ತಡವಾದರೆ ಹೆರಿಗೆ ತಪ್ಪುತ್ತದೆ. 38 ವಾರಕ್ಕೆ ಕರೆಸಿದೆವು. ಪೆಟ್ಟಿಗೆ ತುಂಬ ಒಣಶುಂಠಿ, ಕಾಳುಮೆಣಸು, ಅಂಟು, ಬೆಳ್ಳುಳ್ಳಿ ಚಟ್ನಿಪುಡಿ, ಕುದಿಸಿ ಒಣಗಿಸಿದ ಹಳೇ ಸೀರೆ ತುಂಡುಗಳು. ಇವರು ಅವಳಿಗೆ ತುರ್ತು ನಂಬರು ನೂರಹನ್ನೆರಡಕ್ಕೆ ಫೋನ್ ಮಾಡಿ ವಿಳಾಸ ಹೇಳುವುದನ್ನು ಕಲಿಸಲು ಕೂತರು. ನಮ್ಮ ಬೀದಿಯ ಹೆಸರು ಗಂಟಲಿನಿಂದ ಉಜ್ಜಿ ಬರಬೇಕು; ಅಮ್ಮ ಪ್ರಯತ್ನಿಸಿದಾಗೆಲ್ಲ ಮಗಳು ನೆಲಕ್ಕೆ ಬಿದ್ದು ನಕ್ಕಳು. ಕೊನೆಗೆ ಪಕ್ಕದ ಮನೆಯ ಡಚ್ ಅಜ್ಜಿಯೇ ಆ ಜವಾಬ್ದಾರಿ ಹೊತ್ತರು. ಅವರು ತಮ್ಮ ಮಕ್ಕಳನ್ನೆಲ್ಲ ಇದೇ ಬೀದಿಯಲ್ಲಿ ಹೆತ್ತವರು. ರಾತ್ರಿ ಕೂಗು ಕೇಳಿದರೆ ಗಾಬರಿಯಾಗಬೇಡಿ ಎಂದು ಹೇಳಲು ಹೋದರೆ, "ಗೋಡೆ ತೆಳ್ಳಗಿದೆ, ನನಗೆ ಮೊದಲೇ ಗೊತ್ತಾಗುತ್ತೆ" ಅಂದರು.

ಫ್ರಿಜ್ ಮೇಲೆ ಒಂದು ಕಾಗದ ಅಂಟಿಸಿದ್ದೆವು, ಕನ್ನಡದಲ್ಲಿ. ನೋವು ಐದು ನಿಮಿಷಕ್ಕೊಂದರಂತೆ ಬಿಗಿಯಾದರೆ ಸೂಲಗಿತ್ತಿಗೆ ಫೋನ್. ನೀರು ಹೋದರೆ ಬಣ್ಣ ನೋಡುವುದು; ಹಸಿರು, ಕಂದು ಇದ್ದರೆ ಮಗು ಒಳಗೇ ಕಕ್ಕ ಮಾಡಿದೆ ಅಂತ, ಆಗ ಮನೆಯಿಲ್ಲ, ಆಸ್ಪತ್ರೆ. ಕೆಂಪು ರಕ್ತ ಬಂದರೆ ತಕ್ಷಣ. ಮಗು ಮಿಸುಕಾಡುವುದು ಕಡಿಮೆಯಾದರೆ ತಕ್ಷಣ. 37 ವಾರಕ್ಕೆ ಮೊದಲು, 42 ದಾಟಿದ ಮೇಲೆ, ಮನೆಯಿಲ್ಲ.

ಹೆರಿಗೆಯ ರಾತ್ರಿಯ ಬಗ್ಗೆ ಹೇಳುವುದಕ್ಕೆ ಅಷ್ಟೇನಿಲ್ಲ, ಅದು ಅಷ್ಟು ಬೇಗ ಆಯಿತು. ನಡುರಾತ್ರಿ ದಾಟಿ ನೋವು ಬಿಗಿದುಕೊಂಡಿತು. ಸೂಲಗಿತ್ತಿ ಬಂದಳು, ಸ್ವಲ್ಪ ಹೊತ್ತಿಗೆ ದಾದಿಯೂ. ಬಿಸಿನೀರ ಕೆಳಗೆ ಗೋಡೆಗೆ ಹಣೆ ಒತ್ತಿ ನಿಂತಿದ್ದು ನೆನಪಿದೆ, ಇವರ ಷರ್ಟು ತೋಯ್ದಿದ್ದು ನೆನಪಿದೆ. ಅಷ್ಟು ಎತ್ತರಿಸಿದ ಮಂಚದ ಮೇಲೆ ನಾನು ಹೆರಲೇ ಇಲ್ಲ. ಸೂಲಗಿತ್ತಿ ತಂದಿದ್ದ ಗಿಡ್ಡ ಹೆರಿಗೆ ಸ್ಟೂಲಿನ ಮೇಲೆ, ಹಿಂದಿನಿಂದ ಇವರ ತೋಳು ಹಿಡಿದುಕೊಂಡು, ಬೆಳಗಿನ ಜಾವ ಮಗ ಹುಟ್ಟಿದ. ಬಳ್ಳಿಯ ಮಿಡಿತ ನಿಂತ ಮೇಲೆ ಇವರೇ ಕತ್ತರಿಸಿದರು. ಅಮ್ಮನನ್ನು ಕರೆದರು. ಅವಳು ಬಾಗಿಲಲ್ಲೇ ನಿಂತು ಮೊದಲು ನೋಡಿದ್ದು ಮಗುವನ್ನಲ್ಲ, ನೆಲವನ್ನು.

ಮಾಸು ಬೀಳಲಿಲ್ಲ.

ಗರ್ಭಕೋಶ ಬಿಗಿಯಾಗಲು ತೊಡೆಗೆ ಆಕ್ಸಿಟೋಸಿನ್ ಚುಚ್ಚಿ ಅರ್ಧ ಗಂಟೆಯಾಯಿತು. ಮೂತ್ರಚೀಲ ತುಂಬಿದ್ದರೆ ಅಡ್ಡಿಯಾಗುತ್ತದೆ ಎಂದು ಕೊಳವೆ ಹಾಕಿ ಖಾಲಿ ಮಾಡಿದರು. ಮಗುವಿಗೆ ಹಾಲು ಕುಡಿಸಲು ಹೇಳಿದರು, ಎದ್ದು ಕೂರಿಸಿದರು, ಕೆಮ್ಮಿಸಿದರು. ದಾದಿ ನನ್ನ ಕೆಳಗಿನ ಹಾಸುಗಳನ್ನು ಒಂದೊಂದಾಗಿ ತೆಗೆದು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು, ಒಣ ಹಾಸಿನ ತೂಕ ಕಳೆದು, ಚೀಟಿಯಲ್ಲಿ ಬರೆಯುತ್ತಾ ಹೋದಳು. ತಕ್ಕಡಿ ಇದಕ್ಕಾಗಿ! ಅಂದಾಜಿನಲ್ಲಿ ಹೇಳಿದರೆ ರಕ್ತ ಯಾವಾಗಲೂ ಕಡಿಮೆ ಅನ್ನಿಸುತ್ತದಂತೆ, ತೂಗಿದರೇ ನಿಜ. ಚೀಟಿಯ ಮೊತ್ತ ಅರ್ಧ ಲೀಟರ್ ದಾಟಿತು. ಒಂದು ಗಂಟೆ ಆಗುತ್ತಾ ಬಂದಾಗ ಸೂಲಗಿತ್ತಿ ಕೈಗೆ ಸೂಜಿ ಹಾಕಿ, ಫೋನ್ ತೆಗೆದು, ಯಾರ ಜೊತೆಗೋ ಎರಡು ವಾಕ್ಯ ಮಾತಾಡಿ, "ನಿಮ್ಮನ್ನು ಕರೆದುಕೊಂಡು ಹೋಗ್ತೀವಿ" ಅಂದಳು. ಮನೆ ನೋಡಲು ಬಂದಾಗಿನ ಅದೇ ದನಿ.

ಆಂಬುಲೆನ್ಸ್‌ನಲ್ಲಿ ಇಬ್ಬರು, ನರ್ಸ್ ಮತ್ತು ಚಾಲಕ. ಮಡಚುವ ಕುರ್ಚಿ ತಂದರು. ಕಂಬಳಿ ಸುತ್ತಿ, ಬೆಲ್ಟು ಬಿಗಿದು ಕೂರಿಸಿದರು. ಚಾಲಕ ಕೆಳಗಿನಿಂದ ಕುರ್ಚಿಯ ಕಾಲು ಹಿಡಿದು ಹಿಂದಕ್ಕೆ ಹಿಂದಕ್ಕೆ ಇಳಿದ. ತಿರುವಿನಲ್ಲಿ ಅವನ ಭುಜ ಗೋಡೆಗೆ ಉಜ್ಜಿತು, ಗೂಟ ಇದ್ದಿದ್ದರೆ ಅಲ್ಲೇ ತಾಗುತ್ತಿತ್ತು. ಮಗು ಇವರ ಅಂಗಿಯೊಳಗೆ, ಎದೆಗೆ ಅಂಟಿಕೊಂಡು. ಪಕ್ಕದ ಮನೆ ಅಜ್ಜಿ ರಾತ್ರಿ ಅಂಗಿಯಲ್ಲೇ ಬಂದು ನಮ್ಮ ಹಜಾರದಲ್ಲಿ ಕೂತಿದ್ದರು. ಮಗಳು ಇದ್ಯಾವುದಕ್ಕೂ ಏಳಲಿಲ್ಲ.

ಆಸ್ಪತ್ರೆಯಲ್ಲಿ ಬೆನ್ನಿಗೆ ಮರವಿನ ಇಂಜೆಕ್ಷನ್ ಕೊಟ್ಟು ಮಾಸನ್ನು ಕೈಯಿಂದ ತೆಗೆದರು. ಒಟ್ಟು ರಕ್ತ ಒಂದು ಲೀಟರ್ ಹತ್ತಿರ ಹೋಯಿತು. ಏರಿಸುವಷ್ಟು ಆಗಲಿಲ್ಲ, ಕಬ್ಬಿಣದ ಮಾತ್ರೆ ಸಾಕಾಯಿತು. ಮರುದಿನ ಮನೆಗೆ ಬಂದೆವು. ಆ ರಾತ್ರಿ ಅಮ್ಮ ಎಣ್ಣೆ ಹಚ್ಚುತ್ತಾ ಕೂತಿದ್ದವಳು, "ಚಿಕ್ಕಮ್ಮನಿಗೂ ಇದೇ ಆಗಿತ್ತೋ ಏನೋ. ಮಾಸು ಅಂತ ಯಾರೋ ಅಂತಿದ್ರು. ನನಗೆ ಆಗ ಗೊತ್ತಾಗ್ತಿರಲಿಲ್ಲ" ಅಂದಳು. ಮುಂದೆ ಮಾತಾಡಲಿಲ್ಲ. ಬೆಳಿಗ್ಗೆ ಊರಿಗೆ ಫೋನ್ ಮಾಡಿದವಳು ಮಾತ್ರ ಎಲ್ಲರಿಗೂ "ಮನೇಲೇ ಆಯ್ತು, ಸಲೀಸಾಗಿ" ಎಂದೇ ಹೇಳಿದಳು. ಮಾಸಿನ ಸುದ್ದಿ ಎತ್ತಲಿಲ್ಲ.

ಬಾಣಂತನದ ದಾದಿಯ ಹೆಸರು ಹೇಳಿದರೆ ಅಮ್ಮನಿಗೆ ಈಗಲೂ ಸ್ವಲ್ಪ ಉರಿ. ಇಲ್ಲಿ ಹೆರಿಗೆ ಎಲ್ಲೇ ಆಗಲಿ, ಆಮೇಲೆ ಎಂಟು-ಹತ್ತು ದಿನ ತರಬೇತಿ ಪಡೆದ ದಾದಿ ಮನೆಗೆ ಬರುತ್ತಾಳೆ. ಸಾಮಾನ್ಯವಾಗಿ ಒಟ್ಟು 49 ಗಂಟೆ, ಗಂಟೆಗೆ ಐದು ಯೂರೋ ಆಸುಪಾಸು ನಮ್ಮ ಪಾಲು, ಉಳಿದದ್ದು ವಿಮೆ. ಗಾಯ ನೋಡುತ್ತಾಳೆ, ಮಗುವಿನ ಜ್ವರ ತೂಕ ಬರೆಯುತ್ತಾಳೆ, ಹಾಲು ಕುಡಿಸಲು ಕಲಿಸುತ್ತಾಳೆ, ಬಚ್ಚಲೂ ತೊಳೆಯುತ್ತಾಳೆ. ಬಂದವಳೇ ಕಿಟಕಿ ತೆಗೆದಳು. ಅಮ್ಮ ಮುಚ್ಚಿದಳು. ಮತ್ತೆ ತೆಗೆದಳು. ನನ್ನ ಕಿವಿಯ ಹತ್ತಿ ನೋಡಿ ಕಿವಿನೋವಾ ಎಂದು ಕೇಳಿದಳು. ತಣ್ಣೀರು ಎರಡು ಲೀಟರ್ ಕುಡಿಯಬೇಕು ಅಂದಳು. ಅಮ್ಮ ಅದನ್ನೇ ಕಾಯಿಸಿ ಜೀರಿಗೆ ಹಾಕಿ ಕೊಟ್ಟಳು. ಸಾಂಬ್ರಾಣಿ ಹಾಕಲು ಹೋದಾಗ ಹೊಗೆಯ ಅಲಾರಂ ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡಿತು, ಆ ಜಗಳದಲ್ಲಿ ಮಾತ್ರ ದಾದಿ ಗೆದ್ದಳು. ಅವಳು ಗೆದ್ದದ್ದು ಮಗುವಿಗೆ ಒಳ್ಳೆಯದೇ, ಹೊಗೆ ಪುಪ್ಪುಸಕ್ಕೆ ಆಗದು. ಕೊನೆಗೆ ಇಬ್ಬರೂ ಕೂಡಿದ್ದು ಇಲ್ಲಿನವರ ಪದ್ಧತಿಯ ತಿಂಡಿಯ ಮುಂದೆ: ಗರಿಗರಿ ರಸ್ಕಿಗೆ ಬೆಣ್ಣೆ ಹಚ್ಚಿ ಮೇಲೆ ನೀಲಿ-ಬಿಳಿ ಸಕ್ಕರೆ ಕಾಳು ಉದುರಿಸಿ ಮಗು ನೋಡಲು ಬಂದವರಿಗೆ ಕೊಡುತ್ತಾರೆ. ಕಾಳಿನೊಳಗೆ ಸೋಂಪಿನಂಥದ್ದೇ ಒಂದು ಬೀಜ. ಅಮ್ಮ ಒಂದು ಕಚ್ಚಿ, "ಹಾಲು ಬರ್ಲಿ ಅಂತ ಕೊಡೋದು, ನಮ್ಮಲ್ಲೂ ಇದೆ" ಎಂದು ತೀರ್ಪು ಕೊಟ್ಟಳು.

ಹೆಸರಿನದ್ದು ಇನ್ನೊಂದು. ಹುಟ್ಟಿದ ಮೂರು ದಿನದೊಳಗೆ ಪುರಸಭೆಯಲ್ಲಿ ಹೆಸರು ಬರೆಸಬೇಕು. ನಾಮಕರಣ ಆಮೇಲೆ, ಅಕ್ಷರ ನೋಡಬೇಕು, ಸ್ವಲ್ಪ ತಾಳಿ ಅಂದರೆ ಆಗುವುದಿಲ್ಲ. ಶಿವಮೊಗ್ಗದ ಜೋಯಿಸರು ವಾಟ್ಸಾಪಿನಲ್ಲಿ ಅಕ್ಷರ ಕಳಿಸಿದರು, ಇವರು ಸೈಕಲ್ ಹತ್ತಿ ಹೋಗಿ ಬರೆಸಿ ಬಂದರು. ತೊಟ್ಟಿಲು ಶಾಸ್ತ್ರದ ದಿನ ಕಿವಿಯಲ್ಲಿ ಮೂರು ಸಲ ಹೇಳಿದ್ದು ಆಗಲೇ ಸರ್ಕಾರಕ್ಕೆ ಗೊತ್ತಿದ್ದ ಹೆಸರು.

ಆಮ್‌ಸ್ಟಲ್‌ವೇನ್‌ನಲ್ಲಿರುವ ಗೆಳತಿಯೊಬ್ಬಳು ಈಗ ಬಸುರಿ, ಚೊಚ್ಚಲು. ಪೆಟ್ಟಿಗೆಯಲ್ಲಿ ಉಳಿದ ಹಾಸು, ಗಾಜ್ ಎಲ್ಲ ಅವಳಿಗೆ ಕೊಟ್ಟೆ. "ನಾನೂ ಮನೇಲೇ ಮಾಡ್ಕೊಳ್ಳಲಾ?" ಎಂದು ಕೇಳುತ್ತಾಳೆ. ಚೊಚ್ಚಲಾದರೆ ನಾನಾಗಿದ್ದರೆ ಆಸ್ಪತ್ರೆಗೇ ಹೋಗುತ್ತಿದ್ದೆ ಎಂದಿದ್ದೇನೆ, ಆ 45ರ ಲೆಕ್ಕವನ್ನೂ ತೋರಿಸಿದ್ದೇನೆ. ಊರಲ್ಲಿರುವ ತಂಗಿ ಕೇಳಿದ್ದಕ್ಕೆ ಕಡ್ಡಿ ಮುರಿದ ಹಾಗೆ ಬೇಡ ಅಂದೆ. ಗೆಳತಿಯ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಬೇರೆ ಏನನ್ನೂ ಕೇಳುವ ಮೊದಲು ಅದನ್ನು ಸೂಲಗಿತ್ತಿಗೆ ಹೇಳು ಅಂದಿದ್ದೇನೆ.